ಬಳೆಯಲ್ಲಿ ಮಿಡಿಯುವ ನಾಡಿ

ವಾಯುನೆಲೆಯ ಕ್ವಾರ್ಟರ್ಸಿನಲ್ಲಿ ಪೈಲಟ್‌ಗಳ ಹೆಂಡಂದಿರೆಲ್ಲ ಗಂಡನ ನಾಡಿ ಮಿಡಿಯುವ ಬಳೆ ತೊಟ್ಟೇ ಅಡುಗೆ ಮಾಡುತ್ತಿದ್ದರು. ಬೊಳ್ಳಮ್ಮನ ಬಳೆ ದಿನವೂ ಒಂದು ಹೊತ್ತಿನಲ್ಲಿ ನಿಮಿಷಕ್ಕೆ ಅರವತ್ತು ಮಿಡಿತಕ್ಕಿಳಿಯುತ್ತಿತ್ತು. ಅದು ಗಂಡ ಚೆಂಗಪ್ಪನ ಯುದ್ಧವಿಮಾನ ಆಕಾಶದಲ್ಲೇ ಟ್ಯಾಂಕರ್ ವಿಮಾನದಿಂದ ಇಂಧನ ತುಂಬಿಸಿಕೊಳ್ಳುವ ಹೊತ್ತು. ಉಳಿದವರಿಗೆಲ್ಲ ಜೀವ ಬಾಯಿಗೆ ಬರುವ ಆ ಗಳಿಗೆಯಲ್ಲಿ ಇವನಿಗೆ ಮಾತ್ರ ತೊಟ್ಟಿಲ ನೆಮ್ಮದಿ. ಟ್ಯಾಂಕರಿನಲ್ಲಿ ಕೊಳವೆ ಹಿಡಿದು ರೇಡಿಯೋದಲ್ಲಿ ದಾರಿ ಹೇಳುತ್ತಿದ್ದವಳು ಪಲ್ಲವಿ. ಹೆಂಡತಿಯ ಪಕ್ಕ ಮಲಗಿದಾಗಲೂ ಆ ನಾಡಿ ಎಂಬತ್ತರ ಕೆಳಗೆ ಬಂದದ್ದಿಲ್ಲ. ಬೊಳ್ಳಮ್ಮನಿಗೆ ಹೊಟ್ಟೆ ಉರಿಯುತ್ತಿತ್ತು.

ಇವತ್ತು ಕೊಳವೆ ತುಂಡಾಗಿ ಕಾಕ್‌ಪಿಟ್ಟಿನ ಗಾಜಿಗೆ ಬಡಿಯಿತು. ಬೆಂಕಿ ಹತ್ತಿದ ವಿಮಾನದಿಂದ ಚೆಂಗಪ್ಪ ಪ್ಯಾರಾಚೂಟಿನಲ್ಲಿ ಹಾರಿ, ತೀವ್ರ ಗಾಯಗಳೊಂದಿಗೆ ಬದುಕಿದ.

ಆಸ್ಪತ್ರೆಯಲ್ಲಿ ಬೊಳ್ಳಮ್ಮ ಅವನ ಕೈ ಹಿಡಿದು ಕೂತಳು. ಬಳೆ ನೂರ ನಲವತ್ತರಲ್ಲಿ ಕುಣಿಯುತ್ತಿತ್ತು.

"ನಾಡಿ ಇಳೀದೆ ಆಪರೇಷನ್ ಮಾಡಕ್ಕಾಗಲ್ಲಮ್ಮ. ಔಷಧಿಗೂ ಜಗ್ತಿಲ್ಲ. ನೀವೇ ಏನಾದ್ರೂ ಮಾತಾಡಿ," ಎಂದರು ಡಾಕ್ಟರು.

ಅವಳು ಮಗಳ ಹೆಸರು ಹೇಳಿದಳು, ಮದುವೆಯ ದಿನ ನೆನಪಿಸಿದಳು. ನೂರ ನಲವತ್ತು. ಕೊನೆಗೆ ಹಲ್ಲು ಕಚ್ಚಿ ಫೋನ್ ಮಾಡಿದಳು.

"ಪಲ್ಲವಿ, ನಾನು ಚೆಂಗಪ್ಪನ ಹೆಂಡ್ತಿ. ದಿನಾ ಅವ್ರಿಗೆ ಏನ್ ಹೇಳ್ತೀಯೋ ಅದನ್ನೇ ಹೇಳು."

ಫೋನನ್ನು ಅವನ ಕಿವಿಗೆ ಹಿಡಿದಳು.

"ಎರಡಡಿ ಮುಂದೆ ಬನ್ನಿ ಸರ್... ಸಾಕು. ಹಾಗೇ ಇರಿ, ನಾನು ಹಿಡ್ಕೊಂಡಿದ್ದೀನಿ."

ನೂರು. ಎಂಬತ್ತು. ಅರವತ್ತು.

ಸ್ಟ್ರೆಚರ್ ಒಳಗೆ ಹೋಗಿ ಬಾಗಿಲು ಮುಚ್ಚಿತು. ಬೊಳ್ಳಮ್ಮ ಫೋನನ್ನು ತನ್ನ ಕಿವಿಗಿಟ್ಟುಕೊಂಡಳು.

"ಇನ್ನೊಂದ್ಸಲ ಹೇಳು," ಎಂದಳು. "ಹೇಗೆ ಹೇಳ್ತೀಯ ಅಂತ ನಾನೂ ಕಲೀಬೇಕು."