ಕರೆದೊಯ್ಯಲು ಬಂದವಳು

ಬಾಗಿಲು ತೆರೆದ ಅಳಿಯನ ಮುಖವನ್ನೂ ನೋಡದೆ ಮುತ್ತಮ್ಮ ಒಳಗೆ ನಡೆದಳು.

ಬೆಳಿಗ್ಗೆ ಪಕ್ಕದ ಮನೆಯ ರೂಪ ಫೋನು ಮಾಡಿದ್ದಳು. ನಿನ್ನೆ ಕರೆಂಟು ಹೋಗಿ ಬೀದಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತಾಗ ನಿಮ್ಮ ಮಗಳ ಮನೆಯಿಂದ ಹೊಡೆತದ ಸದ್ದು ಕೇಳಿಸಿತು, ಮಗು ಅಳುತ್ತಿತ್ತು, ಒಮ್ಮೆ ಬಂದು ನೋಡಿ ಎಂದಿದ್ದಳು. ಹತ್ತಿರದ ತನ್ನ ಹಳ್ಳಿ ಮಧುರೆಯಿಂದ ದೊಡ್ಡಬಳ್ಳಾಪುರದವರೆಗೆ ಬಸ್ಸಿನಲ್ಲಿ ಮುತ್ತಮ್ಮನಿಗೆ ಬೇರೇನೂ ಕೇಳಿಸಲಿಲ್ಲ.

ಮಗ್ಗದ ಸದ್ದಿನ ಮರೆಯಲ್ಲಿ ಏನೇನು ನಡೆಯುತ್ತದೆಂಬುದನ್ನು ಅವಳಿಗಿಂತ ಚೆನ್ನಾಗಿ ಬಲ್ಲವರಾರು? ಗಂಡ ಆವಲಪ್ಪ ಬದುಕಿರುವವರೆಗೂ ಮಗ್ಗ ಓಡುವಾಗಲೇ ಕೈಯೆತ್ತುತ್ತಿದ್ದ. ಬೀದಿಗೆ ಕೇಳಿಸುತ್ತಿರಲಿಲ್ಲ. ಮೂಲೆಯಲ್ಲಿ ಕುಳಿತು ನೂಲು ಸುತ್ತುತ್ತಿದ್ದ ಮಗಳು ಚಂದನಳಿಗೆ ಮಾತ್ರ ಎಲ್ಲವೂ ಕಾಣಿಸುತ್ತಿತ್ತು. ಎಲ್ಲಿಗಾದರೂ ಹೋಗೋಣಮ್ಮ ಎಂದು ಆ ಮಗು ಎಷ್ಟು ಸಲ ಸೆರಗು ಜಗ್ಗಿತ್ತೋ! ಮಕ್ಕಳಿಗಾಗಿ ಸಹಿಸುತ್ತಿದ್ದೇನೆಂಬ ಸುಳ್ಳನ್ನು ಮುತ್ತಮ್ಮ ಹದಿನೆಂಟು ವರ್ಷ ಪುಣ್ಯವೆಂದು ನಂಬಿದಳು. ಊರೂ ಅದನ್ನೇ ಹೊಗಳಿತು. ಮಕ್ಕಳ ಕಣ್ಣೆದುರು ಅನ್ಯಾಯವನ್ನು ಸಹಿಸುವುದೆಂದರೆ ಅವರಿಗೆ ಅನ್ಯಾಯದ ಪಾಠ ಹೇಳಿಕೊಡುವುದೆಂದು ತಿಳಿಯುವ ಹೊತ್ತಿಗೆ ಮಗಳ ಮದುವೆಯೂ ಮುಗಿದಿತ್ತು.

ಅಡುಗೆಮನೆಯಲ್ಲಿದ್ದ ಚಂದನಳ ಬಲಗೈ ಮಣಿಕಟ್ಟು ಊದಿಕೊಂಡಿತ್ತು. ಕೇಳಿದರೆ ಬಾಗಿಲಿಗೆ ತಗುಲಿತೆಂದಳು. ಒಂದು ಕಾಲದಲ್ಲಿ ಮುತ್ತಮ್ಮನೂ ಬಾಗಿಲನ್ನೇ ದೂರುತ್ತಿದ್ದಳು.

ಆರು ವರ್ಷದ ಕೀರ್ತನ ಅಜ್ಜಿಯ ಬಳಿ ಬರಲಿಲ್ಲ. ಅಪ್ಪನ ಕಾಲನ್ನು ಅವುಚಿಕೊಂಡು ನಿಂತಿದ್ದಳು. ಮಗುವನ್ನೇ ಗುರಾಣಿ ಮಾಡಿಕೊಂಡಿದ್ದಾನಲ್ಲ ಹೇಡಿ ಎಂದು ಮುತ್ತಮ್ಮ ಮನಸ್ಸಿನಲ್ಲೇ ಬೈದಳು. ಅಳಿಯ ಮುರಳಿ ಉರಿಬಿಸಿಲಲ್ಲೂ ತುಂಬುತೋಳಿನ ಅಂಗಿ ತೊಟ್ಟು, ನೆಲ ನೋಡುತ್ತಿದ್ದ. ಎದೆಯೊಳಗೆ ಅಳುಕಿರುವವನು ಮುಖವೆತ್ತುವುದಾದರೂ ಹೇಗೆ?

"ಕೂತ್ಕೊಳ್ಳಿ ಅತ್ತೆ, ನೀರು ತರ್ತೀನಿ" ಎಂದ.

"ನೀರು ಕುಡಿಯಕ್ಕೆ ಬಂದಿಲ್ಲ ಕಣಪ್ಪ."

ಚಂದನ ನಡುವೆ ಬಂದಳು. "ಗಂಡ ಹೆಂಡ್ತಿ ಅಂದ್ಮೇಲೆ ಇದೆಲ್ಲ ಇದ್ದಿದ್ದೇ, ಯಾರೂ ತಲೆ ಹಾಕ್ಬಾರ್ದು ಅಂತ ನೀನೇ ಹೇಳ್ತಿದ್ದೆಯಲ್ಲಮ್ಮ."

ಮುತ್ತಮ್ಮ ಮಗಳತ್ತ ಒಂದು ಹೆಜ್ಜೆ ಇಟ್ಟಳು. "ಹೇಳ್ತಿದ್ದೆ. ತಪ್ಪು ಮಾಡ್ದೆ ಕಣವ್ವ. ಅವತ್ತೇ ನಿನ್ನ ಕರ್ಕೊಂಡು ಹೊರಡ್ಬೇಕಿತ್ತು" ಎಂದಳು.

ಚಂದನ ಗೋಡೆಯತ್ತ ಮುಖ ತಿರುಗಿಸಿಕೊಂಡಳು.

ಅಂದು ತಾನು ಆಡದೆ ನುಂಗಿದ ಮಾತನ್ನು ಮುತ್ತಮ್ಮ ಇಂದು ಇಡೀ ಮನೆಗೆ ಕೇಳಿಸುವಂತೆ ಆಡಿದಳು. "ಈ ಮನೇಲಿ ಏಟು ತಿಂದೋರು ಇನ್ನೊಂದು ದಿನಾನೂ ಇಲ್ಲಿ ಇರೋದು ಬೇಡ. ಮಗೂನ ಎತ್ಕೊಂಡು ಈಗ್ಲೇ ನನ್ ಜೊತೆ ಹೊರಡ್ಲಿ. ಯಾರು ಏನಂದ್ರೂ ನಾನು ನೋಡ್ಕೋತೀನಿ."

ಹೇಳಿದವಳು ಹೊಸ್ತಿಲ ಬಳಿ ಬೀದಿಯತ್ತ ಮುಖ ಮಾಡಿ ನಿಂತಳು. ತಿರುಗಿ ನೋಡಲು ಧೈರ್ಯ ಸಾಲಲಿಲ್ಲ. ಆಮೇಲೆ ಒಳಕೋಣೆಯಲ್ಲಿ ಬೀರು ತೆರೆದ ಸದ್ದಾಯಿತು. ಬಟ್ಟೆ ತುಂಬುವ ಸರಬರ. ಮಗುವಿನ ಬಿಕ್ಕಳಿಕೆ. ಹತ್ತಿರವಾದ ಹೆಜ್ಜೆಗಳು. ಸದ್ಯ, ಮಗಳು ತನ್ನಂತಾಗಲಿಲ್ಲವೆಂದು ಮುತ್ತಮ್ಮ ಕಣ್ಣೊರೆಸಿಕೊಂಡು ತಿರುಗಿದಳು.

ಕೀರ್ತನಳನ್ನು ಎತ್ತಿಕೊಂಡು, ಬಟ್ಟೆಯ ಚೀಲ ಹಿಡಿದು, ಹೊರಡಲು ಸಿದ್ಧವಾಗಿ ನಿಂತಿದ್ದವನು ಮುರಳಿ. ಮೇಲೆ ಸರಿದ ಅಂಗಿಯ ತೋಳಿನ ಕೆಳಗೆ ಬಾಸುಂಡೆಗಳಿದ್ದವು.