ಮುದ್ದೆಯೊಳಗಿನ ಮದ್ದು

ಆನೆ ಬಿಡಾರದ ಹೆಣ್ಣುಮರಿಗೆ ಎರಡು ದಿನದಿಂದ ಲದ್ದಿ ಬಿದ್ದಿರಲಿಲ್ಲ. ಭೇದಿಯ ಪುಡಿ ಬೆರೆಸಿ ಕೊಟ್ಟ ಬೆಲ್ಲವನ್ನೆಲ್ಲ ಅದು ಡಾಕ್ಟರ ಅಂಗಿಯ ಮೇಲೇ ಉಗಿದಿತ್ತು. ಹಟಕ್ಕೆ ಬಿದ್ದ ಡಾಕ್ಟರು ಅದೇ ಪುಡಿಯನ್ನು ಕ್ಯಾಪ್ಸೂಲಿಗೆ ತುಂಬಿ ತಂದರು.

“ಇದರ ಸಿಪ್ಪೆ ಜೆಲಾಟಿನ್‌ದು ಕಣೋ. ವಾಸನೆ ಇಲ್ಲ, ರುಚಿ ಇಲ್ಲ, ಹೊಟ್ಟೆಗೆ ಹೋದ್ಮೇಲೇ ಕರಗೋದು. ತಿಂದೋರಿಗೆ ಗೊತ್ತೇ ಆಗಲ್ಲ.”

“ಜೆಲಾಟಿನ್ ಅಂದ್ರೆ?” ಮಾವುತ ಕೇಳಿದ.

“ದನದ ಮೂಳೆ, ಚರ್ಮ ಬೇಯಿಸಿ ತೆಗೀತಾರೆ.”

“ಮೆಲ್ಲಗೆ ಹೇಳಿ ಸಾರ್, ಅವಳು ಸೊಪ್ಪು ತಿನ್ನೋ ಜೀವ.”

ಮಾವುತ ತನ್ನ ಬುತ್ತಿಯ ಎರಡು ರಾಗಿಮುದ್ದೆಗಳಲ್ಲಿ ಒಂದರೊಳಗೆ ಕ್ಯಾಪ್ಸೂಲು ಹುದುಗಿಸಿ, ಎರಡನ್ನೂ ಎಲೆಯ ಮೇಲಿಟ್ಟ. ತಾನು ಉಣ್ಣುವುದನ್ನು ಕಂಡರೆ ಮರಿಯೂ ತಿನ್ನುತ್ತದೆ ಎಂಬುದು ಅವನ ಉಪಾಯ. ಅವನು ಸಾರು ಬಗ್ಗಿಸಿಕೊಳ್ಳಲು ಅತ್ತ ತಿರುಗಿದಾಗ ಮರಿ ಎರಡನ್ನೂ ಸೊಂಡಿಲಿನಿಂದ ಮೂಸಿ, ಹೊರಳಿಸಿ, ಒಂದನ್ನು ಬಾಯಿಗೆ ಹಾಕಿಕೊಂಡು ಚಪ್ಪರಿಸಿತು.

“ನೋಡಿದ್ಯಾ, ಉಗೀಲಿಲ್ಲ” ಎಂದು ಡಾಕ್ಟರು ಮೀಸೆ ತಿರುವಿದರು.

“ನಿಮ್ಮ ಸಿಪ್ಪೆ ಭಾರಿ ಸಾರ್” ಎಂದ ಮಾವುತ, ಉಳಿದ ಮುದ್ದೆಯನ್ನು ಮುರಿದು ಸಾರಿನಲ್ಲದ್ದಿ, ಮುದ್ದೆ ಉಣ್ಣುವವರ ಪದ್ಧತಿಯಂತೆ ಅಗಿಯದೆ ಗುಳುಂ ಗುಳುಂ ನುಂಗಿ ಕೈತೊಳೆದ.

ಮರುದಿನ ಬೆಳಿಗ್ಗೆ ಡಾಕ್ಟರು ಬಂದಾಗ ಮಾವುತನ ಹೆಂಡತಿ ಮರಿಗೆ ಹುಲ್ಲು ಹಾಕುತ್ತಿದ್ದಳು.

“ಏನಮ್ಮಾ, ಹೊಟ್ಟೆ ಸಡಿಲಾಯ್ತಾ?”

“ಆಯ್ತು ಸಾರ್, ಬೇಕಾದ್ದಕ್ಕಿಂತ ಜಾಸ್ತೀನೇ ಆಯ್ತು” ಎಂದಳು ಆಕೆ. “ನಿನ್ನೆ ಸಂಜೆ ಹೊಳೆಕಡೆ ಹೋದವ್ರು ಇನ್ನೂ ವಾಪಸ್ ಬಂದಿಲ್ಲ, ನಮ್ಮನೆಯವ್ರು.”