ಅರ್ಧ ಸೆಕೆಂಡಿನ ಉಸಿರು

ಅನ್ನದ ಕುಕ್ಕರ್ ಮಾತಾಡಿದ್ದೇ ತಡ, ಪೂನ್ ಮಾವ ಬೆಚ್ಚಿ ಕೈಯಲ್ಲಿದ್ದ ಚಹಾವನ್ನು ತೊಡೆ ಮೇಲೆ ಚೆಲ್ಲಿಕೊಂಡರು. "ನೀರು ಕಡಿಮೆ ಇದೆ" ಅಂದಿತ್ತು ಅದು, ಅಷ್ಟೇ.

"ಯಾರಮ್ಮ ಇದು?"

"ನಾನೇ ಮಾವ, ಚೊಯ್‌ವಾನ್. ಹೋದ ವರ್ಷದ್ದೇ ರೆಕಾರ್ಡಿಂಗು."

"ನೀನಲ್ಲ. ನಿನ್ನ ದನಿ ಹಾಕ್ಕೊಂಡು ಬಂದಿರೋ ದೆವ್ವ."

ಪೂನ್ ಮಾವನಿಗೆ ಹುಟ್ಟಿನಿಂದ ಕಣ್ಣಿಲ್ಲ. ಶುಂದೆ ಊರಿನ ಈ ಪುಟ್ಟ ಕಾರ್ಖಾನೆಯ ಮಾತಾಡುವ ಕುಕ್ಕರನ್ನು ಅವರು ಕೇಳಿ ಹೂಂ ಅಂದರೇನೇ ಅಂಧರ ಸಂಘ ಎರಡು ಸಾವಿರ ಕೊಳ್ಳುವುದು. ಇಲ್ಲವೆಂದರೆ ನಾಳೆಯಿಂದ ಕೆಳಗಡೆ ಜೋಡಿಸುವ ನಲವತ್ತು ಹೆಂಗಸರಿಗೆ ಕೆಲಸವಿಲ್ಲ. ಕುಕ್ಕರಿಗೆ ಮಾತು ತುಂಬುವ ಚೊಯ್‌ವಾನ್ ತಾನೇ ಏನು ಮಾಡಿಯಾಳು? ಎಲ್ಲೆಡೆ ಚಿಪ್‌ಗಳ ಬರ ಬಂದು, ಮೂರು ಯುವಾನಿಗೆ ಸಿಗುತ್ತಿದ್ದ ಮಾತಿನ ಚಿಪ್ ಎಪ್ಪತ್ತಾಗಿತ್ತು. ಎಪ್ಪತ್ತು ಹಿಡಿದುಕೊಂಡು ಹೋದರೂ ಮಾರುವವರು ಮುಂದಿನ ವರ್ಷ ನೋಡೋಣ ಅನ್ನುತ್ತಿದ್ದರು. ಕೊನೆಗೆ ಸಿಕ್ಕಿದ್ದು ಇನ್ನೂ ಚಿಕ್ಕ ಚಿಪ್. ಮೊದಲಿನದರಲ್ಲಿ ಇಪ್ಪತ್ತು ಸೆಕೆಂಡ್ ಮಾತು ಹಿಡಿಸುತ್ತಿತ್ತು, ಇದರಲ್ಲಿ ಹದಿನೈದೇ. ಆದರೂ ಹತ್ತಕ್ಕೆ ಹತ್ತು ವಾಕ್ಯವನ್ನೂ ತುರುಕಿದ್ದಳು. ಒಂದಕ್ಷರ ಬಿಟ್ಟಿರಲಿಲ್ಲ.

ಹೋದ ವರ್ಷದ ಹಳೆಯ ಕುಕ್ಕರನ್ನು ಹೊಸದರ ಪಕ್ಕದಲ್ಲಿಟ್ಟು, ಗುಂಡಿ ಒತ್ತಿ ಕಣ್ಣು ಮುಚ್ಚಿದಳು. ಮಧ್ಯಾಹ್ನದ ಕೋಣೆ ತುಂಬ ಅನ್ನದ ಹಬೆ; ಮೋಡದೊಳಗೆ ಕೂತಂತೆ, ಕೈಕಾಲಿಗೆ ತೂಕವೇ ಇಲ್ಲದಂತೆ. ಆ ಹಬೆಯೊಳಗಿಂದ ಯಾರೋ ನದಿಯಲ್ಲಿ ಮುಳುಗಿ ಎದ್ದ ಹಾಗೆ ಸಣ್ಣಗೆ ಉಸಿರೆಳೆದುಕೊಂಡರು. ಆಮೇಲೆ ಮಾತು ಬಂತು. ಅವಳದೇ ಉಸಿರು. ಮಾತಿಗೆ ಮುಂಚಿನ ಅರ್ಧ ಸೆಕೆಂಡ್, ಹತ್ತು ಸಲ. ಯಾರಿಗೆ ಕೇಳಿಸುತ್ತೆ ಅಂದುಕೊಂಡು ಹೊಸದರಲ್ಲಿ ಅಷ್ಟನ್ನೂ ಕತ್ತರಿಸಿ ಹಾಕಿದ್ದಳು.

"ಯಾರು ಬಾಯಿ ತೆರೀತಾರೆ ಅಂತ ನಿಮಗೆ ಕಾಣತ್ತೆ," ಅಂದರು ಪೂನ್ ಮಾವ. "ನಮಗೆ ಉಸಿರು ಕೇಳಿಸ್ಬೇಕು. ಅದಿಲ್ದೆ ಮಾತು ಬಂದ್ರೆ ಹಿಂದಿನಿಂದ ಯಾರೋ ಹೆಗಲು ಹಿಡಿದ ಹಾಗಾಗತ್ತೆ. ಇವತ್ತು ಚಹಾ, ಸರಿ. ನಾಳೆ ಕೈಯಲ್ಲಿ ಬಿಸಿ ಗಂಜಿ ಇರತ್ತೆ."

ಉಸಿರು ವಾಪಸ್ ಹಾಕಿದರೆ ಏಳು ವಾಕ್ಯಕ್ಕೇ ಚಿಪ್ ಭರ್ತಿ. ಯಜಮಾನ ಕ್ವಾನ್ ಓಡಿ ಬಂದರು. ಡಬ್ಬದ ಮೇಲೆ 'ಹತ್ತು ಮಾತು' ಅಂತ ಅಚ್ಚು ಹಾಕಿಸಿ ಆಗಿದೆಯಲ್ಲ ಎಂದು ತಲೆ ಮೇಲೆ ಕೈ ಹೊತ್ತರು. ಪೂನ್ ಮಾವ ಮೂರು ಬೆರಳು ಮಡಚಿದರು. ಅನ್ನ ಆಯಿತು ಅನ್ನೋದು ಬೇಡ, ಮೂಗಿದೆ. ಮುಚ್ಚಳ ತೆರೆದಿದೆ ಅನ್ನೋದು ಬೇಡ, ಕೈಯಿದೆ.

"ನಮ್ಮ ಕಂಪನಿಯ ಕುಕ್ಕರ್ ಕೊಂಡಿದ್ದಕ್ಕೆ ಧನ್ಯವಾದ ಅನ್ನೋದೂ ಬೇಡ. ಅಷ್ಟು ಆಸೆ ಇದ್ರೆ ನೀವೇ ಫೋನ್ ಮಾಡಿ ಹೇಳಿ, ಕ್ವಾನ್."

ಯಜಮಾನರು ನಕ್ಕು, ಡಬ್ಬಗಳಿಗೆ 'ಏಳು' ಅಂತ ಚೀಟಿ ಅಂಟಿಸಲು ಹೇಳಿ ಹೋದರು.

ಸಂಜೆಯೊಳಗೆ ಚೊಯ್‌ವಾನ್ ಚಿಪ್ ತುಂಬಿ ತಂದು ಗುಂಡಿ ಒತ್ತಿದಳು. ಪೂನ್ ಮಾವ ತಮ್ಮ ಮೊಮ್ಮಗಳ ಈಜಿನ ಸುದ್ದಿ ಹೇಳುವುದರಲ್ಲಿ ಮುಳುಗಿದ್ದರು. ಹಬೆಯೊಳಗೆ ಕುಕ್ಕರ್ ಮೆಲ್ಲಗೆ ಉಸಿರೆಳೆದುಕೊಂಡಿತು.

ಮಾವ ಅರ್ಧಕ್ಕೇ ಮಾತು ನಿಲ್ಲಿಸಿ, ನೀನು ಹೇಳಮ್ಮ ಅನ್ನುವಂತೆ ಅದರ ಕಡೆ ಮುಖ ತಿರುಗಿಸಿದರು.